ಮಸಾಜ್ ಕಸುಬಿನಲ್ಲಿ ಬೆಳೆಯುವ ದಾರಿ: ಉಡುಪಿ, ಮಂಗಳೂರಿನ ಥೆರಪಿಸ್ಟ್‌ಗಳಿಗೆ ಮಾರ್ಗದರ್ಶಿ

ಕರಾವಳಿಯಲ್ಲಿ ಮೈಗೆ ಎಣ್ಣೆ ಹಚ್ಚಿ ತಿಕ್ಕುವ ಕೆಲಸಕ್ಕೆ ಹಳೆಯ ಮನ್ನಣೆಯಿದೆ. ಬಾಣಂತಿಯನ್ನು ಮೀಯಿಸುವವರನ್ನು ಹೆರಿಗೆಗೆ ಮೊದಲೇ ಗೊತ್ತುಮಾಡಿಕೊಳ್ಳುವ ಮನೆಗಳು ಇಂದಿಗೂ ಇವೆ. ಉಡುಪಿ ಸಮೀಪದ ಕುತ್ಪಾಡಿಯಲ್ಲಿ 1958ರಲ್ಲಿ ಆರಂಭವಾದ ಆಯುರ್ವೇದ ಕಾಲೇಜು, ಧರ್ಮಸ್ಥಳದ ಶಾಂತಿವನ ಪ್ರಕೃತಿ ಚಿಕಿತ್ಸಾಲಯದಂಥ ಸಂಸ್ಥೆಗಳಿಂದಾಗಿ ಅಭ್ಯಂಗ (ಮೈಗೆ ಎಣ್ಣೆ ಹಚ್ಚಿ ತಿಕ್ಕುವುದು), ಶಿರೋಧಾರ (ಹಣೆಯ ಮೇಲೆ ಎಣ್ಣೆಯ ಧಾರೆ ಬಿಡುವುದು) ಎಂಬ ಮಾತುಗಳು ಇಲ್ಲಿನ ಜನಕ್ಕೆ ಚೆನ್ನಾಗಿ ಪರಿಚಿತ. ಈಗ ಹೋಟೆಲ್, ರೆಸಾರ್ಟ್, ಸಲೂನ್, ಜಿಮ್‌ಗಳಲ್ಲೂ ಕೆಲಸ ಸಿಗುತ್ತದೆ. ಹೀಗಿದ್ದೂ ವರ್ಷಗಟ್ಟಲೆ ದುಡಿದ ಎಷ್ಟೋ ಥೆರಪಿಸ್ಟ್‌ಗಳು ಸೇರಿದ ದಿನದ ಸಂಬಳದ ಆಸುಪಾಸಿನಲ್ಲೇ ಉಳಿದಿರುತ್ತಾರೆ, ಜತೆಗೆ ಹೆಬ್ಬೆರಳ ಬುಡ ನೋಯುತ್ತಿರುತ್ತದೆ.

ಬೆಳವಣಿಗೆ ಎಂದೊಡನೆ ನಮಗೆ ನೆನಪಾಗುವುದು ಹೊಸ ಹೊಸ ಮಸಾಜ್‌ಗಳ ಹೆಸರು: ಥಾಯ್, ಬಾಲಿನೀಸ್, ಹಾಟ್ ಸ್ಟೋನ್. ಕಲಿಯಬಹುದು, ತಪ್ಪೇನಿಲ್ಲ. ಆದರೆ ಇಂಥ ಪುಟ್ಟ ಊರುಗಳಲ್ಲಿ ಗಿರಾಕಿ ಮತ್ತೆ ಬರುವುದು, ವೈದ್ಯರು ರೋಗಿಯನ್ನು ಕಳುಹಿಸುವುದು, ನೆರೆಮನೆಯವರು ಧೈರ್ಯವಾಗಿ ಹೆಸರು ಹೇಳುವುದು ಒಂದೇ ಕಾರಣಕ್ಕೆ. ಈ ಮನುಷ್ಯ ತನ್ನ ಮಿತಿ ತಿಳಿದವನು, ಈ ಹೆಂಗಸಿನ ಕೈಯಲ್ಲಿ ಮೈ ಒಪ್ಪಿಸಿದರೆ ಭಯವಿಲ್ಲ ಎಂಬ ನಂಬಿಕೆ. ಕೆಳಗಿನ ಹೆಜ್ಜೆಗಳೆಲ್ಲ ಆ ನಂಬಿಕೆಯನ್ನು ಕಟ್ಟುವ ಸಲುವಾಗಿಯೇ ಇವೆ.

1. ನಿಮ್ಮ ಕೆಲಸ ಯಾವುದೆಂದು ಬರೆದಿಡಿ

ಒಂದು ಹಾಳೆ ತೆಗೆದುಕೊಂಡು, ನೀವು ಏನು ಮಾಡುತ್ತೀರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಆರಾಮಕ್ಕಾಗಿ ಮಾಡುವ ಮಸಾಜ್, ಆಯುರ್ವೇದ ವೈದ್ಯರ ಕೈಕೆಳಗೆ ಮಾಡುವ ಪಂಚಕರ್ಮದ (ದೇಹಶುದ್ಧಿ ಚಿಕಿತ್ಸೆಯ) ಕೆಲಸ, ಬಾಣಂತಿ ಮತ್ತು ಮಗುವಿನ ಆರೈಕೆ, ಕ್ರೀಡಾಪಟುಗಳ ಮಸಾಜ್ ಇವು ನಾಲ್ಕು ಬೇರೆ ಬೇರೆ ದಾರಿಗಳು. ನಾಲ್ಕನ್ನೂ ಮಾಡುತ್ತೇನೆ ಎನ್ನುವವರ ಬಳಿಗೆ ಯಾರೂ ನಿಶ್ಚಿಂತೆಯಿಂದ ಬರುವುದಿಲ್ಲ. ಒಂದನ್ನು ಮುಖ್ಯವಾಗಿ ಹಿಡಿಯಿರಿ, ಇನ್ನೊಂದನ್ನು ನಿಧಾನವಾಗಿ ಕಲಿಯುತ್ತಾ ಹೋಗಿ.

ಮಾಡದೇ ಇರುವುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಫಿಸಿಯೋಥೆರಪಿ ಪ್ರತ್ಯೇಕ ಪದವಿ ಓದಿದವರ ವೃತ್ತಿ. 2021ರ ಕೇಂದ್ರ ಕಾಯ್ದೆಯೊಂದು ಅದನ್ನು ಆರೋಗ್ಯ ವೃತ್ತಿಗಳ ಸಾಲಿನಲ್ಲಿ ಸೇರಿಸಿದೆ. ಮಸಾಜ್ ಕಲಿತವರು ಆ ಹೆಸರನ್ನು ಬಳಸಬಾರದು. ಹೆಸರಿನ ಮುಂದೆ 'ಡಾ.' ಸೇರಿಸಿಕೊಳ್ಳುವುದಂತೂ ಖಂಡಿತ ಕೂಡದು. ಸಕ್ಕರೆ ಕಾಯಿಲೆ, ಪಾರ್ಶ್ವವಾಯುವನ್ನು ಈ ತೈಲ ಗುಣಪಡಿಸುತ್ತದೆ ಎಂದು ಬೋರ್ಡಿನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಹಾಕಿದರೆ 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ತೊಡಕಿಗೆ ಸಿಲುಕಬೇಕಾಗುತ್ತದೆ. ಮೈ ಹಗುರವಾಗುತ್ತದೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ನಿದ್ದೆ ಚೆನ್ನಾಗಿ ಬರಬಹುದು ಎಂದಷ್ಟೇ ಹೇಳಿ. ನಮ್ಮ ಕೆಲಸಕ್ಕೆ ಅಷ್ಟು ಮಾತು ಸಾಕು.

2. ಕಲಿಕೆಗೆ ಒಂದು ಕ್ರಮ ಇರಲಿ

ನೋಡಿ ಕಲಿತ ಕೈ ಎಷ್ಟೇ ಪಳಗಿರಲಿ, ಪ್ರಮಾಣಪತ್ರವೊಂದು ಕೈಯಲ್ಲಿರುವುದು ಒಳ್ಳೆಯದು. ಸೌಂದರ್ಯ ಮತ್ತು ಸ್ವಾಸ್ಥ್ಯ ವಲಯದ ಕೌಶಲ ಮಂಡಳಿಯ ಸ್ಪಾ ಥೆರಪಿಸ್ಟ್ ಕೋರ್ಸ್ ಇದೆ, ಆರೋಗ್ಯ ವಲಯದಲ್ಲಿ ಪಂಚಕರ್ಮ ತಂತ್ರಜ್ಞರ ತರಬೇತಿ ಇದೆ. ಸೇರುವ ಮೊದಲು ಎರಡು ಪ್ರಶ್ನೆ ಕೇಳಿ. ಪ್ರಮಾಣಪತ್ರ ಕೊಡುವವರು ಯಾರು? ನಿಜವಾದ ಮನುಷ್ಯರ ಮೇಲೆ, ಕಲಿಸುವವರ ಕಣ್ಣೆದುರಿಗೆ ಎಷ್ಟು ಗಂಟೆ ಅಭ್ಯಾಸ ಮಾಡಿಸುತ್ತಾರೆ? ಎರಡನೆಯದಕ್ಕೆ ಹಾರಿಕೆಯ ಉತ್ತರ ಬಂದರೆ ಹಣ ಕಟ್ಟಬೇಡಿ.

ಕೋರ್ಸ್ ಮುಗಿದ ಮೇಲೆ ದೇಹರಚನೆಯನ್ನು ತಿಂಗಳಿಗೊಂದು ಭಾಗದಂತೆ ಓದಿ. ಒಂದು ತಿಂಗಳು ಕುತ್ತಿಗೆ ಮತ್ತು ಹೆಗಲು, ಮುಂದಿನ ತಿಂಗಳು ಸೊಂಟ. ಮೂಳೆ ಎಲ್ಲಿದೆ, ಸ್ನಾಯು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ನರ ಮತ್ತು ದೊಡ್ಡ ರಕ್ತನಾಳ ಚರ್ಮಕ್ಕೆ ಹತ್ತಿರವಾಗಿ ಹರಿಯುವುದು ಎಲ್ಲಿ. ಕುತ್ತಿಗೆಯ ಮುಂಭಾಗ, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗದ ಗುಳಿ, ಇಷ್ಟು ಕಡೆ ಗಟ್ಟಿಯಾಗಿ ಒತ್ತಬಾರದು ಎಂಬುದರ ಕಾರಣ ಆಗ ತಾನಾಗಿ ತಿಳಿಯುತ್ತದೆ. ರೆಡ್‌ಕ್ರಾಸ್‌ನ ಜಿಲ್ಲಾ ಶಾಖೆಯನ್ನು ವಿಚಾರಿಸಿ ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ ಪಡೆಯಿರಿ. ಹಾಸಿಗೆಯ ಮೇಲೆ ಮಲಗಿದವರ ಎದೆಬಡಿತ ನಿಂತರೆ ನಿಮಿಷಕ್ಕೆ 100ರಿಂದ 120ರಷ್ಟು ವೇಗದಲ್ಲಿ ಎದೆಯ ನಡುವೆ ಒತ್ತಬೇಕೆಂಬುದು ನಮ್ಮ ಕೈಗಳಿಗೆ ಗೊತ್ತಿರಲೇಬೇಕು.

3. 'ಇವತ್ತು ಬೇಡ' ಎನ್ನಲು ಕಲಿಯಿರಿ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಕೈಗೆ ಎಣ್ಣೆ ತೆಗೆದುಕೊಳ್ಳುವ ಮೊದಲು ಗಿರಾಕಿಯನ್ನು ಕೂರಿಸಿ ಮಾತಾಡಿಸಿ. ಜ್ವರ ಇದೆಯೇ, ಇತ್ತೀಚೆಗೆ ಬಿದ್ದಿದ್ದೀರಾ, ಶಸ್ತ್ರಚಿಕಿತ್ಸೆ ಆಗಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಬಿಪಿ ಹತೋಟಿಯಲ್ಲಿದೆಯೇ, ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ, ಗರ್ಭಿಣಿಯೇ, ಯಾವುದಾದರೂ ಎಣ್ಣೆ ಮೈಗೆ ಒಗ್ಗುವುದಿಲ್ಲವೇ. ಅವರ ಮನೆಮಾತಿನಲ್ಲೇ ಕೇಳಿ. ಕನ್ನಡದಲ್ಲಿ 'ಏನೂ ಇಲ್ಲ' ಎಂದ ಅಜ್ಜಿ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಕೇಳಿದಾಗ ಕಳೆದ ವರ್ಷ ಸೊಂಟದ ಮೂಳೆ ಮುರಿದದ್ದನ್ನು ಹೇಳುತ್ತಾರೆ.

ಕೆಲವು ಲಕ್ಷಣ ಕಂಡರೆ ಕೈ ಹಾಕಬಾರದು. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಕೆಂಪಾಗಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಎರವಾಗಬಹುದು. ಬೆನ್ನುನೋವಿನ ಜತೆ ಕಾಲು ಸೋಲುವುದು, ತೊಡೆಸಂದಿನ ಬಳಿ ಸ್ಪರ್ಶ ತಿಳಿಯದಿರುವುದು, ಮೂತ್ರ ಹತೋಟಿಗೆ ಸಿಗದಿರುವುದು ಇದ್ದರೆ ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ತುರ್ತು. ಉಳುಕಿ ಊದಿಕೊಂಡ ಕೀಲನ್ನು ಮೊದಲ ಎರಡು ಮೂರು ದಿನ ತಿಕ್ಕಬಾರದು. ತಣ್ಣನೆಯ ಪಟ್ಟಿ ಹಾಕಿ ವಿಶ್ರಾಂತಿ ಕೊಡಬೇಕು, ಮೂಳೆ ಮುರಿದಿರುವ ಅನುಮಾನವಿದ್ದರೆ ಎಕ್ಸ್‌ರೇ ತೆಗೆಸಬೇಕು. ಬಿದ್ದವರನ್ನು ನೆಟ್ಟಗೆ ನಮ್ಮ ಬಳಿ ಕರೆತಂದು 'ಉಳುಕು ತೆಗೆದು ಕೊಡಿ' ಎನ್ನುವುದು ನಮ್ಮೂರಿನ ರೂಢಿಯಾದ್ದರಿಂದ ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂಳೆ ಸವೆದ ವೃದ್ಧರು, ಗರ್ಭಿಣಿಯರು ವೈದ್ಯರ ಒಪ್ಪಿಗೆಯೊಂದಿಗೆ ಬರಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಬಿಸಿ ಕಿಳಿ (ಔಷಧಿ ಕಟ್ಟಿದ ಬಟ್ಟೆಯ ಗಂಟು), ಬಿಸಿನೀರಿನ ಶಾಖ ಕೊಡುವಾಗ ನಿಮ್ಮ ಮುಂಗೈಯಿಂದ ಬಿಸಿ ನೋಡಿ. ಅವರಿಗೆ ಸುಡುವುದು ತಿಳಿಯುವುದಿಲ್ಲ.

ಹೇಳುವ ರೀತಿಯೂ ಮುಖ್ಯ. "ಅಮ್ಮ, ಈ ಕಾಲಿಗೆ ಇವತ್ತು ನಾನು ಕೈ ಹಾಕುವುದಿಲ್ಲ. ಈಗಲೇ ಡಾಕ್ಟರಿಗೆ ತೋರಿಸಿ. ಅವರು ಆಗಬಹುದು ಎಂದರೆ ನಾನೇ ಬರುತ್ತೇನೆ." ಹಣ ತೆಗೆದುಕೊಳ್ಳಬೇಡಿ. ಮರುದಿನ ಫೋನ್ ಮಾಡಿ ವಿಚಾರಿಸಿ. ಆ ಒಂದು ಫೋನ್ ಕರೆಯ ಸುದ್ದಿ ಆ ಮನೆಯಿಂದ ನೆಂಟರಿಷ್ಟರ ಹತ್ತು ಮನೆಗಳಿಗೆ ತಲುಪುತ್ತದೆ.

4. ನಿಮ್ಮ ಕೈ ಉಳಿಸಿಕೊಳ್ಳಿ

ಈ ಕಸುಬು ಬಿಟ್ಟವರನ್ನು ಕೇಳಿದರೆ ಸಂಬಳದಷ್ಟೇ ಸಲ ಹೆಬ್ಬೆರಳು, ಮಣಿಕಟ್ಟು, ಸೊಂಟದ ಮಾತು ಬರುತ್ತದೆ. ಮೊದಲು ಹಾಸಿಗೆಯ ಎತ್ತರ ನೋಡಿ. ಪಕ್ಕದಲ್ಲಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮುಷ್ಟಿಯ ಗೆಣ್ಣು ಹಾಸಿಗೆಗೆ ತಾಗುವಷ್ಟು ಎತ್ತರ ಹೆಚ್ಚಿನವರಿಗೆ ಸರಿಹೊಂದುತ್ತದೆ. ಆಯುರ್ವೇದದ ಮರದ ದ್ರೋಣಿಯ (ಎಣ್ಣೆ ಹಚ್ಚಲು ಮಲಗಿಸುವ ಮಂಚ) ಎತ್ತರ ಬದಲಿಸಲು ಆಗುವುದಿಲ್ಲ. ಕುಳ್ಳಗಿನವರು ಕಾಲಡಿಗೆ ಗಟ್ಟಿಯಾದ, ಜಾರದ ಹಲಗೆ ಹಾಕಿಸಿಕೊಳ್ಳಬೇಕು. ಒಂದು ಕಾಲು ಮುಂದಿಟ್ಟು, ಮಂಡಿ ತುಸು ಮಡಿಸಿ, ಮೈಯ ಭಾರವನ್ನು ಮುಂದಕ್ಕೆ ಬಿಡಿ. ಒತ್ತಡ ಹುಟ್ಟಬೇಕಾದದ್ದು ಕಾಲಿನಿಂದ. ಮಣಿಕಟ್ಟು ಮಡಚದೆ ನೇರವಾಗಿರಲಿ. ಬೆನ್ನು, ತೊಡೆಯಂಥ ದೊಡ್ಡ ಸ್ನಾಯುಗಳಿಗೆ ಮುಂಗೈ ಬಳಸಿ. ಹೆಬ್ಬೆರಳನ್ನು ಪುಟ್ಟ ಗಂಟುಗಳಿಗಷ್ಟೇ ಮೀಸಲಿಡಿ.

ಪೂರ್ತಿ ಮೈಯ ಮಸಾಜ್ ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚಾದರೆ ಬಹಳ ಕಾಲ ಬಾಳಿಕೆ ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲಸಕ್ಕೆ ಸೇರುವಾಗಲೇ ದಿನಕ್ಕೆ ಎಷ್ಟು, ನಡುವೆ ಎಷ್ಟು ನಿಮಿಷ ಬಿಡುವು ಎಂಬುದನ್ನು ಯಜಮಾನರೊಂದಿಗೆ ಮಾತಾಡಿಕೊಳ್ಳಿ. ಕರಾವಳಿಯ ಸೆಕೆಯಲ್ಲಿ ಮುಚ್ಚಿದ ಕೋಣೆಯೊಳಗೆ ದುಡಿದಾಗ ಬೆವರಿ ಸುಸ್ತಾಗುವುದು ಬೇಗ. ಪ್ರತಿ ಗಿರಾಕಿಯ ನಂತರ ನೀರೋ ಮಜ್ಜಿಗೆಯೋ ಕುಡಿಯಲೇಬೇಕು.

5. ಮಳೆಗಾಲಕ್ಕೆ ಬೇರೆಯೇ ತಯಾರಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಟ್ಟೆ ಒಣಗುವುದಿಲ್ಲ. ಬೂಷ್ಟು ಹಿಡಿದ ಟವೆಲ್‌ನ ವಾಸನೆ ಬಂದರೆ ಎಷ್ಟು ಒಳ್ಳೆಯ ಕೈಯಿದ್ದರೂ ಗಿರಾಕಿ ಹಿಂತಿರುಗಿ ಬರುವುದಿಲ್ಲ. ಬೇಸಗೆಯಲ್ಲಿ ಇರುವುದರ ಎರಡರಷ್ಟು ಹಾಸು, ಟವೆಲ್ ಇಟ್ಟುಕೊಳ್ಳಿ. ದಪ್ಪ ಟವೆಲ್‌ಗಿಂತ ತೆಳು ಬೈರಾಸು ಬೇಗ ಒಣಗುತ್ತದೆ. ಬಿಸಿನೀರು ಮತ್ತು ಸೋಪಿನಲ್ಲಿ ಜಿಡ್ಡು ಬಿಡುವ ತನಕ ಒಗೆಯಿರಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಅಪಾಯವೊಂದಿದೆ. ಎಳ್ಳೆಣ್ಣೆಯಂಥ ಎಣ್ಣೆಯ ಜಿಡ್ಡು ಉಳಿದ ಬಟ್ಟೆಯನ್ನು ಡ್ರೈಯರ್‌ನಲ್ಲಿ ಒಣಗಿಸಿ ಬಿಸಿಯಾಗಿಯೇ ರಾಶಿ ಹಾಕಿದರೆ, ಎಣ್ಣೆ ಗಾಳಿಯೊಂದಿಗೆ ಸೇರಿ ತಾನಾಗಿ ಕಾವೇರಿ ಬೆಂಕಿ ಹೊತ್ತಿಕೊಳ್ಳಬಹುದು. ಒಣಗಿದ ಬಟ್ಟೆಯನ್ನು ಹರಡಿ ಆರಿಸಿ, ಆಮೇಲೆ ಮಡಚಿ.

ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಗುರು ಚಿಕ್ಕದಿರಲಿ, ಉಂಗುರ, ಬಳೆ, ವಾಚು ಬೇಡ. ದೊಡ್ಡ ಪಾತ್ರೆಯ ಎಣ್ಣೆಗೆ ಕೈ ಅದ್ದಬೇಡಿ. ಒಬ್ಬರಿಗೆ ಬೇಕಾದಷ್ಟನ್ನು ಪುಟ್ಟ ಬಟ್ಟಲಿಗೆ ಸುರಿದುಕೊಳ್ಳಿ, ಉಳಿದದ್ದನ್ನು ಚೆಲ್ಲಿ.

6. ಬಾಣಂತಿ ಮನೆಯಲ್ಲಿ

ಮನೆಗೆ ಹೋಗಿ ಬಾಣಂತಿಯ ಮೈ ತಿಕ್ಕಿ ಮೀಯಿಸುವ ಅಕ್ಕಂದಿರು ಈ ಕಸುಬಿನ ನಿಜವಾದ ಹಿರಿಯರು. ಅವರ ಕೆಲಸದಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳ, ಬಿಡಬೇಕಾದದ್ದು ಕೆಲವು. ಸಿಸೇರಿಯನ್ ಆಗಿದ್ದರೆ ಗಾಯ ಪೂರ್ತಿ ಮಾಗಿ ವೈದ್ಯರು ಹೇಳುವ ತನಕ ಹೊಟ್ಟೆಯ ಮೇಲೆ ಒತ್ತಬಾರದು. ಕೈ, ಕಾಲು, ಹೆಗಲು, ಬೆನ್ನಿಗೆ ಹಗುರವಾಗಿ ಮಾಡಿದರೂ ಹಾಯೆನಿಸುತ್ತದೆ. ಕಾಲಿನ ಊತವನ್ನು ದಿನವೂ ಗಮನಿಸಿ, ಏಕೆಂದರೆ ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಮಗುವಿನ ಕಿವಿ, ಮೂಗಿಗೆ ಎಣ್ಣೆ ಬಿಡುವುದು, ಎಳೆಯ ಮೊಲೆಯನ್ನು ಹಿಂಡುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು ಬೇಡವೇ ಬೇಡ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಮಕ್ಕಳ ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಆ ಮನೆಗೆ ದಿನವೂ ಬರುವ ಹೊರಗಿನ ಕಣ್ಣು ನಿಮ್ಮದೊಂದೇ ಎಂಬುದನ್ನು ಮರೆಯಬಾರದು. ಗಂಟೆಗೊಂದರಂತೆ ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ, ಜ್ವರ, ಕಣ್ಣು ಮಂಜಾಗುವ ತಲೆನೋವು, ಮಗು ಹಾಲು ಕುಡಿಯದೆ ಮಂಕಾಗಿರುವುದು, ಅಂಗೈ ಅಂಗಾಲಿನ ತನಕ ಹಳದಿ ಬಣ್ಣ, ಇವುಗಳನ್ನು ಕಂಡ ಕೂಡಲೇ ಮನೆಯ ಹಿರಿಯರಿಗೆ ಹೇಳಿ, 108ಕ್ಕೆ ಕರೆ ಮಾಡಿಸಿ. ತಾಯಿ ಸುಮ್ಮನೆ ಅಳುತ್ತಿದ್ದರೆ, ಮಗುವನ್ನು ನೋಡಲೂ ಮನಸ್ಸಿಲ್ಲ ಎಂದರೆ 'ಎಲ್ಲ ಸರಿಯಾಗುತ್ತದೆ' ಎಂದು ತೇಲಿಸಿಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಉಚಿತ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42ನೇ ದಿನದ ತನಕ ಗೊತ್ತುಪಡಿಸಿದ ದಿನಗಳಲ್ಲಿ ಮನೆಗೆ ಬರುತ್ತಾರೆ. ಅವರ ಪರಿಚಯ ಮಾಡಿಕೊಳ್ಳಿ. ನೀವು ಕಂಡದ್ದು ಅವರಿಗೂ ಗೊತ್ತಾಗಲಿ.

7. ಕಾಗದಪತ್ರ

ಬೇಗ ಹೇಳಿ ಮುಗಿಸುತ್ತೇನೆ. ಒಬ್ಬರೇ ದುಡಿಯುವವರು ಅಸಂಘಟಿತ ಕೆಲಸಗಾರರಿಗೆ ಸರ್ಕಾರ ಕೊಡುವ ಇ-ಶ್ರಮ್ ಚೀಟಿ ಮಾಡಿಸಿಕೊಳ್ಳಿ. ಬ್ಯಾಂಕ್ ಖಾತೆ ಇದ್ದವರು ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಬಹುದು. ಅಪಘಾತದ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಅದು ಸಲ್ಲುತ್ತದೆ. ಸ್ವಂತ ಕೇಂದ್ರ ತೆರೆಯುವವರಿಗೆ ಮಹಾನಗರಪಾಲಿಕೆ, ನಗರಸಭೆ ಅಥವಾ ಪಂಚಾಯತ್‌ನ ಪರವಾನಗಿ ಬೇಕು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಉಚಿತ, ಅದಕ್ಕೆ ದಲ್ಲಾಳಿಗೆ ಹಣ ಕೊಡಬೇಕಾಗಿಲ್ಲ. ಪಂಚಕರ್ಮವನ್ನು ಚಿಕಿತ್ಸೆಯಾಗಿ ಕೊಡುವುದಾದರೆ ನೋಂದಾಯಿತ ಆಯುರ್ವೇದ ವೈದ್ಯರು ಇರಬೇಕು, ಚಿಕಿತ್ಸಾಲಯ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು.

ಪರವಾನಗಿಯ ಪ್ರತಿ, ಥೆರಪಿಸ್ಟ್‌ಗಳ ಪ್ರಮಾಣಪತ್ರ, ದರಪಟ್ಟಿ ಬಾಗಿಲಿನ ಬಳಿ ಗೋಡೆಯ ಮೇಲೆ ಕಾಣುವಂತಿರಲಿ. ಮಸಾಜ್ ಕೇಂದ್ರ ಎಂದರೆ ಅನುಮಾನದಿಂದ ನೋಡುವ ಜನ ಇದ್ದಾರೆ. ಆ ಅನುಮಾನದ ಬಿಸಿ ತಟ್ಟುವುದು ಪ್ರಾಮಾಣಿಕವಾಗಿ ದುಡಿಯುವ ಹೆಣ್ಣುಮಕ್ಕಳಿಗೆ. ಅದಕ್ಕಾಗಿ ಎಲ್ಲವೂ ತೆರೆದಿರಬೇಕು.

8. ಮೈಗೂ ಮನಸ್ಸಿಗೂ ರಕ್ಷಣೆ

ಯಾವ ಭಾಗಕ್ಕೆ ಮಸಾಜ್, ಎಷ್ಟು ಬಟ್ಟೆ ತೆಗೆಯಬೇಕು ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮಾಡುತ್ತಿರುವ ಭಾಗ ಬಿಟ್ಟು ಉಳಿದದ್ದೆಲ್ಲ ಹೊದಿಕೆಯೊಳಗಿರಲಿ. ಥೆರಪಿಸ್ಟ್ ಗಂಡೋ ಹೆಣ್ಣೋ ಎಂಬ ಆಯ್ಕೆ ಗಿರಾಕಿಗೆ ಇರಬೇಕು, ಬೇಡವೆನ್ನುವ ಹಕ್ಕು ಥೆರಪಿಸ್ಟ್‌ಗೂ ಇರಬೇಕು. 18 ತುಂಬದವರೊಂದಿಗೆ ಹೆತ್ತವರು ಕೋಣೆಯಲ್ಲೇ ಕೂರಲಿ. ಗಿರಾಕಿ ಅಸಭ್ಯವಾಗಿ ವರ್ತಿಸಿದರೆ ಕೆಲಸ ನಿಲ್ಲಿಸಿ ಹೊರಗೆ ಬನ್ನಿ. ಹಾಗೆ ಬಂದಾಗ ಆ ಹೊತ್ತಿನ ಕೂಲಿ ಕಡಿತವಾಗುವುದಿಲ್ಲ ಎಂಬ ಮಾತನ್ನು ಸೇರುವಾಗಲೇ ಯಜಮಾನರಿಂದ ಪಡೆಯಿರಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಚಿಕ್ಕ ಕೇಂದ್ರದವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ದೂರಿಗೆ ಮೂರು ತಿಂಗಳ ಗಡುವು. ಮನೆಗಳಿಗೆ ಹೋಗುವವರು ಆ ವಿಳಾಸವನ್ನು ನಿಮ್ಮ ಮನೆಯವರಿಗೆ ಕಳುಹಿಸಿಯೇ ಹೊರಡಿ.

9. ವೈದ್ಯರೊಂದಿಗೆ ನಂಟು

ನಿಮ್ಮ ಊರಿನ ಒಬ್ಬ ಕುಟುಂಬ ವೈದ್ಯರು, ಒಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ಆಯುರ್ವೇದ ವೈದ್ಯರು, ಈ ಮೂವರಿಂದ ಆರಂಭಿಸಿ. ಮೊದಲ ಭೇಟಿಯಲ್ಲಿ ರೋಗಿಗಳನ್ನು ಕಳುಹಿಸಿ ಎಂದು ಕೇಳಬೇಡಿ. ನೀವೇ ಅವರ ಬಳಿ ಕಳುಹಿಸಿ, ಜತೆಗೊಂದು ಚೀಟಿ ಕೊಡಿ: "ಇವರಿಗೆ ಎರಡು ವಾರದಿಂದ ಬಲ ಭುಜದಲ್ಲಿ ನೋವು. ಕೈ ಎತ್ತಲು ಆಗುತ್ತಿಲ್ಲ, ರಾತ್ರಿ ಹೆಚ್ಚು. ನಾನು ಮಸಾಜ್ ಮಾಡಿಲ್ಲ. ದಯವಿಟ್ಟು ಪರೀಕ್ಷಿಸಿ, ಮಾಡಬಹುದಾದರೆ ತಿಳಿಸಿ." ಕೆಳಗೆ ಹೆಸರು, ಫೋನ್ ಸಂಖ್ಯೆ. ಕಂಡದ್ದನ್ನು ಬರೆಯಿರಿ, ರೋಗದ ಹೆಸರು ಬರೆಯಬೇಡಿ. ಇಂಥ ಚೀಟಿಗಳು ಮತ್ತೆ ಮತ್ತೆ ಬಂದಾಗ ವೈದ್ಯರಿಗೆ ನಿಮ್ಮ ಮೇಲೆ ಭರವಸೆ ಮೂಡುತ್ತದೆ. ಕಮಿಷನ್ ಕೊಡುವ, ತೆಗೆದುಕೊಳ್ಳುವ ಮಾತು ಮಾತ್ರ ಬೇಡ.

ಪ್ರತಿ ಗಿರಾಕಿಗೂ ಒಂದು ಪುಟ ತೆರೆದು, ಏನು ಹೇಳಿದರು, ಏನು ಮಾಡಿದಿರಿ, ಎದ್ದಾಗ ಹೇಗಿತ್ತು ಎಂದು ಮೂರು ಸಾಲು ಬರೆದಿಡಿ. ಆ ಪುಸ್ತಕ ಬೀಗದೊಳಗಿರಲಿ.

10. ಊರಿನ ಕೆಲಸಕ್ಕೆ ಕೈಜೋಡಿಸಿ

ನಮ್ಮ ಜಿಲ್ಲೆಗಳ ಜನರ ಮೈನೋವು ಅವರವರ ದುಡಿಮೆಯಿಂದ ಬಂದದ್ದು, ಅದಕ್ಕೆ ಋತುಮಾನವೂ ಇದೆ. ಇದನ್ನು ತಿಳಿದವರಿಗೆ ಸೇವೆಯ ದಾರಿ ತಾನಾಗಿ ಕಾಣುತ್ತದೆ.

ಬೀಡಿ ಕಟ್ಟುವ ಹೆಂಗಸರಿಂದ ಶುರುಮಾಡಿ ಎಂದು ನನ್ನ ಒತ್ತಾಯ. ಮಡಿಲಲ್ಲಿ ಮೊರವಿಟ್ಟು ತಲೆ ತಗ್ಗಿಸಿ ಗಂಟೆಗಟ್ಟಲೆ ಕೂರುವ ಅವರ ಕುತ್ತಿಗೆ, ಹೆಗಲು, ಬೆರಳುಗಳ ನೋವಿಗೆ ಹಣ ಕೊಟ್ಟು ಮಸಾಜ್ ಮಾಡಿಸಿಕೊಳ್ಳುವ ಶಕ್ತಿ ಅವರಿಗಿಲ್ಲ. ಊರಿನ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಇಪ್ಪತ್ತು ನಿಮಿಷ ಕೇಳಿ ಪಡೆಯಿರಿ. ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಮೊರದಡಿಗೆ ದಿಂಬಿಟ್ಟು ಎತ್ತರಿಸುವುದು, ಅರ್ಧ ಗಂಟೆಗೊಮ್ಮೆ ಎದ್ದು ಹೆಗಲು ತಿರುಗಿಸುವುದು, ಒಬ್ಬರ ಹೆಗಲನ್ನು ಇನ್ನೊಬ್ಬರು ಹಗುರವಾಗಿ ಒತ್ತಿಕೊಳ್ಳುವುದು. ಭಾಷಣ ಬೇಡ, ಮಾಡಿಸಿ ತೋರಿಸಿ.

ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ (ಮೀನುಗಾರಿಕಾ ಬಂದರು) ಬೋಟು, ಬಲೆಗಳ ದುರಸ್ತಿ ನಡೆಯುವ ಈ ಹೊತ್ತು ಬಲೆ ಎಳೆದು ದಣಿದ ಹೆಗಲು, ಸೊಂಟಗಳ ಬಗ್ಗೆ ಮಾತಾಡಲು ತಕ್ಕ ಸಮಯ. ನಾಡದೋಣಿಯವರಿಗೆ ಮಾತ್ರ ಅದು ದುಡಿಮೆಯ ಕಾಲ, ಅವರಿಗೆ ಬೇರೆ ದಿನ ನೋಡಬೇಕು. ಯಕ್ಷಗಾನ ಮೇಳಗಳ ತಿರುಗಾಟ ಮೇ ತಿಂಗಳಲ್ಲಿ ಬರುವ ಪತ್ತನಾಜೆ ಎಂಬ ತುಳುನಾಡಿನ ಆಚರಣೆಯ ದಿನಕ್ಕೆ ಮುಗಿಯುತ್ತದೆ. ಭಾರದ ಕಿರೀಟ ಹೊತ್ತು, ಧೀಂಗಿಣ (ಗಿರ್ರನೆ ತಿರುಗುತ್ತಾ ಹಾರುವ ಕುಣಿತ) ಹಾಕಿ ದಣಿದ ಕಲಾವಿದರ ಮಂಡಿ, ಪಾದ, ಕುತ್ತಿಗೆಗೆ ಆಗ ಆರೈಕೆ ಬೇಕು; ಚೆಂಡೆಯವರ ಹೆಗಲನ್ನೂ ಮರೆಯಬೇಡಿ. ತಿರುಗಾಟದ ನಡುವೆ ಮಾಡುವುದಾದರೆ ಆಟ ಮುಗಿದ ಮರುದಿನ ಮಾಡಿ. ಚೌಕಿಗೆ (ವೇಷ ಕಟ್ಟುವ ಕೋಣೆ) ಹೋಗುವ ಮೊದಲು ಆಳವಾಗಿ ತಿಕ್ಕಿ ಸ್ನಾಯು ಸಡಿಲಗೊಳಿಸಿದರೆ ಕುಣಿಯುವಾಗ ಕಾಲು ನಿಲ್ಲದೆ ಹೋಗಬಹುದು. ಕಂಬಳದ ಋತುವಿನಲ್ಲಿ ಕೋಣ ಓಡಿಸುವ ಹುಡುಗರಿಗೂ ಇದೇ ಮಾತು ಸಲ್ಲುತ್ತದೆ.

ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುವ ಭಕ್ತರ ಪಾದಸೇವೆ ಇನ್ನೊಂದು ಅವಕಾಶ. ಸೇವಾ ಶಿಬಿರ ನಡೆಸುವವರ ಒಪ್ಪಿಗೆ ಮೊದಲೇ ಪಡೆಯಿರಿ. ಕುರ್ಚಿ, ಬೇಸಿನ್, ಒಬ್ಬರಿಗೊಂದು ಟವೆಲ್, ಕೈಗವಸು, ಹೆಂಗಸರಿಗೆ ಪ್ರತ್ಯೇಕ ಮರೆ. ಪಾದ ತೊಳೆದು ಒರಸಿ ಗುಳ್ಳೆ, ಗಾಯ ಇದೆಯೇ ನೋಡಿ. ಗುಳ್ಳೆ ಒಡೆಯಬೇಡಿ, ಸಕ್ಕರೆ ಕಾಯಿಲೆಯವರ ಗಾಯವನ್ನು ಅಲ್ಲಿರುವ ವೈದ್ಯರಿಗೆ ತೋರಿಸಿ. ಒಬ್ಬರಿಗೆ ಹತ್ತು ನಿಮಿಷ, ಮೊಣಕಾಲಿನ ಕೆಳಗೆ ಮಾತ್ರ. ಶಿಬಿರದಲ್ಲಿ ದರಪಟ್ಟಿ ಹಂಚಬೇಡಿ. ಕೇಳಿದವರಿಗೆ ಫೋನ್ ಸಂಖ್ಯೆ ಕೊಟ್ಟರಾಯಿತು.

11. ಜತೆಗಾರರ ಕೂಟ

ತಾಲೂಕಿನ ಮಸಾಜ್ ಕೆಲಸಗಾರರು ತಿಂಗಳಿಗೊಮ್ಮೆ ಸೇರುವ ಅಭ್ಯಾಸ ಮಾಡಿಕೊಳ್ಳಿ. ಸ್ಪಾದವರು, ಪಂಚಕರ್ಮದವರು, ಬಾಣಂತಿ ಮೀಯಿಸುವ ಅಕ್ಕಂದಿರು ಎಲ್ಲರೂ ಬರಲಿ. ಮೊದಲರ್ಧ ಗಂಟೆ ಒಬ್ಬರು ತಮಗೆ ಗೊತ್ತಿರುವುದನ್ನು ಮಾಡಿ ತೋರಿಸಲಿ, ಉಳಿದ ಹೊತ್ತು ಒಬ್ಬರಿಗೊಬ್ಬರು ಮಸಾಜ್ ಮಾಡಿಕೊಳ್ಳಿ. ಇನ್ನೊಬ್ಬರ ಕೈಕೆಳಗೆ ಮಲಗಿದಾಗ ಕಲಿಯುವಷ್ಟು ಬೇರೆಲ್ಲೂ ಕಲಿಯಲಾಗದು. ಸಂಬಳ ಬಾಕಿ ಉಳಿಸಿಕೊಳ್ಳುವ ಕೇಂದ್ರಗಳು, ತೊಂದರೆ ಕೊಡುವ ಗಿರಾಕಿಗಳ ವಿಷಯ ಅಲ್ಲಿ ಬಾಯಿಬಿಟ್ಟು ಮಾತಾಡಿ. ಕೈನೋವಿನಿಂದ ಮನೆಯಲ್ಲಿ ಕುಳಿತವರ ಗಿರಾಕಿಗಳನ್ನು ಸ್ವಲ್ಪ ದಿನ ನೋಡಿಕೊಂಡು ಆಮೇಲೆ ಅವರಿಗೇ ಬಿಟ್ಟುಕೊಡುವ ಒಪ್ಪಂದವನ್ನು ಬರೆದಿಟ್ಟುಕೊಳ್ಳಿ.

ಕೂಟ ನಿಂತು ಬೇರೂರಿದ ಮೇಲೆ ನೋಂದಣಿಯ ಯೋಚನೆ ಮಾಡಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಮಂದಿ ಸದಸ್ಯರು ಸಾಕು. ನಿಯಮಾವಳಿ ಬರೆಯುವಾಗ ಬಾಣಂತಿ ಮೀಯಿಸುವ ಹಿರಿಯ ಹೆಂಗಸರಿಗೆ ಪದಾಧಿಕಾರಿಗಳಲ್ಲಿ ಒಂದು ಸ್ಥಾನ ಮೀಸಲಿಡಿ. ಅವರಲ್ಲಿ ಹೆಚ್ಚಿನವರ ಬಳಿ ಪ್ರಮಾಣಪತ್ರ ಇರುವುದಿಲ್ಲ, ಹಾಗಾಗಿ ಸದಸ್ಯತ್ವಕ್ಕೆ ಪ್ರಮಾಣಪತ್ರ ಕಡ್ಡಾಯ ಎಂಬ ಸಾಲನ್ನು ಸೇರಿಸಬೇಡಿ.